ಮಾವನ ನಾಣ್ಯದ ಪೆಟ್ಟಿಗೆ

ಅತ್ತೆ ಬಂದಿಳಿದ ದಿನವೇ ಲಿಫ್ಟು ಕೆಟ್ಟು ಕೂತಿತ್ತು. ಹಾಗಾಗಿ ಅವರ ಜೊತೆ ಬಂದ ಪೆಟ್ಟಿಗೆಯನ್ನು ಮೂರು ಮಹಡಿ ಹೊತ್ತೇ ತರಬೇಕಾಯಿತು. ಹೊತ್ತವನು ಅಣ್ಣ. ಮೂವತ್ತು ವರ್ಷ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ನಿವೃತ್ತನಾದವನು. ತಂಗಿಯ ಮನೆಯ ಲಿಫ್ಟಿನ ಮುಂದೆ ನಿಂತು ಅದನ್ನು ಕಟ್ಟಿದವನನ್ನೂ ನೋಡಿಕೊಳ್ಳುವವನನ್ನೂ ಬಾಯಿತುಂಬ ಬೈದು, ಪೆಟ್ಟಿಗೆಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದ. ಒಂದೊಂದು ತಿರುವಿನಲ್ಲೂ ನಿಂತು ಏದುಸಿರು ಬಿಟ್ಟ.

"ಏನಿದೆ ಇದರೊಳಗೆ, ಮಾವನೇ ಕೂತಿದ್ದಾರಾ?" ಅಂದ.

ಹಿಂದಿನಿಂದ ಸೊಸೆಯ ತೋಳು ಹಿಡಿದು ಹತ್ತುತ್ತಿದ್ದ ಅತ್ತೆ, "ಅವರಾಗಿದ್ರೆ ಇಷ್ಟು ಸುಮ್ಮನೆ ಬರ್ತಿರಲಿಲ್ಲ," ಅಂದರು.

ಆ ಸೊಸೆ ಎಂದರೆ ಅತ್ತೆಯ ಗಂಡನ ತಂಗಿಯ ಮಗಳು, ಪೆಟ್ಟಿಗೆ ಹೊತ್ತವನ ತಂಗಿ. ಐವತ್ತೆರಡು ವರ್ಷ. ದೊಡ್ಡದೊಂದು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ, ಅಂಚು ಕತ್ತರಿಸಿ, ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವಳ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಅದಕ್ಕೇ ಅಂಗಡಿಯವರು ಸೂಕ್ಷ್ಮಮ್ಮ ಅಂತ ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳುವವರು ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದರು. ಎರಡು ಕೋಣೆಯ ಮನೆಯಲ್ಲಿ ಅವಳೊಬ್ಬಳೇ ಇದ್ದದ್ದರಿಂದ, ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಕರೆದುಕೊಂಡು ಬರುವುದು ಯಾರು ಎಂಬ ಪ್ರಶ್ನೆಗೆ ಉತ್ತರ ತಾನಾಗಿಯೇ ಹುಟ್ಟಿಕೊಂಡಿತ್ತು. ಅತ್ತೆಗೆ ಎಂಬತ್ತೊಂದು. ಮಕ್ಕಳಿರಲಿಲ್ಲ. ಕಣ್ಣು ಮೂರು ವರ್ಷದಿಂದ ಕಡಿಮೆಯಾಗುತ್ತ ಬಂದು, ಈಗ ಕಿಟಕಿ ಯಾವ ಕಡೆ ಇದೆ ಅನ್ನುವಷ್ಟು ಮಾತ್ರ ತಿಳಿಯುತ್ತಿತ್ತು.

ಮಾವ ಬಡಗಿ. ಸಾಮಾನ್ಯ ಬಡಗಿಯಲ್ಲ, ಅಳತೆಯ ಉಪಕರಣಗಳಿಗೆ, ಪ್ರಯೋಗಶಾಲೆಯ ತಕ್ಕಡಿಗಳಿಗೆ ಮರದ ಪೆಟ್ಟಿಗೆ ಮಾಡುವುದರಲ್ಲಿ ಎತ್ತಿದ ಕೈ. ಅವರು ಮಾಡಿದ ಮುಚ್ಚಳ ಮುಚ್ಚಿದರೆ ಗಾಳಿ ಸಣ್ಣಗೆ ನಿಟ್ಟುಸಿರು ಬಿಟ್ಟು ಹೊರಗೆ ಹೋಗುತ್ತಿತ್ತು. ಈ ಪೆಟ್ಟಿಗೆಯನ್ನು ಅವರು ತಮಗೋಸ್ಕರ ಮಾಡಿಕೊಂಡದ್ದು. ನಾಲ್ಕು ಡ್ರಾಯರು, ಒಂದೊಂದರಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಏಳು ದುಂಡನೆಯ ಗುಳಿ, ಗುಳಿಗೆಲ್ಲ ಕಡುಗೆಂಪು ಉಣ್ಣೆಬಟ್ಟೆ. ಒಂದೊಂದು ಡ್ರಾಯರಿನಲ್ಲಿ ಒಂದೊಂದು ವರ್ಷದ ನಾಣ್ಯಗಳ ಪೂರ್ತಿ ಸೆಟ್ಟು. ನೂರು, ನೂರೈವತ್ತು ವರ್ಷ ಹಿಂದಿನ ಬೆಳ್ಳಿ. ಒಂದು ಕಡೆ ಆಗಿನ ದೊರೆಯ ಮುಖ, ಇನ್ನೊಂದು ಕಡೆ ತೆನೆಗಳ ಹಾರ. ಇಪ್ಪತ್ತೆಂಟು ನಾಣ್ಯ ಕೂಡಿಸುವುದಕ್ಕೆ ಮಾವನ ಅರ್ಧ ಆಯುಷ್ಯ ಹೋಗಿತ್ತು.

ಅವರು ಬರೆದಿಟ್ಟದ್ದು ಎರಡೇ ಸಾಲು. ನಾಣ್ಯಗಳು ತಂಗಿಯ ಮಕ್ಕಳಿಬ್ಬರಿಗೆ. ಹಾಳಾಗದಂತೆ ನೋಡಿಕೊಳ್ಳಿ.

ಪೆಟ್ಟಿಗೆಯನ್ನು ಊಟದ ಮೇಜಿನ ಮೇಲಿಟ್ಟು ಮೊದಲ ಡ್ರಾಯರು ಎಳೆದಾಗ ಅಣ್ಣನ ಮುಖ ಸಪ್ಪಗಾಯಿತು. ಅವನ ನೆನಪಿನಲ್ಲಿದ್ದದ್ದು ಬೆಳ್ಳಗೆ ಹೊಳೆಯುವ ನಾಣ್ಯಗಳು. ಇಲ್ಲಿದ್ದವು ಅಂಚಿನಲ್ಲಿ ನೀಲಿ, ನಡುವೆ ಕಂದು, ಕೆಲವು ಒಲೆಯೊಳಗಿಂದ ತೆಗೆದ ಹಾಗೆ ಕರ್ರಗೆ. ನಾಲ್ಕನೇ ಡ್ರಾಯರಿನವನ್ನು ಮಾವ ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗುಳಿಗಿಟ್ಟಿದ್ದರು. ಅವುಗಳ ಮೇಲೆ ಹಸಿರು ಜಿಗುಟು ಕಾಣಿಸಿಕೊಂಡಿತ್ತು.

"ಇದೇನೇ ಇದು, ಬೆಳ್ಳಿನೋ ಕಬ್ಬಿಣವೋ?"

"ಬೆಳ್ಳೀನೇ. ಕಪ್ಪಿಟ್ಟಿದೆ," ಅಂದಳು ಸೂಕ್ಷ್ಮಮ್ಮ.

"ಹಲ್ಲುಪುಡಿ ಹಾಕಿ ತಿಕ್ಕಿದ್ರೆ ಎರಡು ನಿಮಿಷದ ಕೆಲಸ. ನಮ್ಮನೇಲಿ ಚಮಚಗಳನ್ನ ನಿಮ್ಮ ಅತ್ತಿಗೆ ಹಾಗೇ ಮಾಡೋದು."

"ಮುಟ್ಟಬೇಡ ಅಣ್ಣ. ತಿಕ್ಕೋದು ಅಂದ್ರೆ ಏನು ಗೊತ್ತಾ? ಮೇಲಿನ ಪದರ ತೆಗೆಯೋದು. ನಾನು ದಿನವಿಡೀ ಮಾಡೋದು ಅದೇ. ಒಂದ್ಸಲ ತೆಗೆದದ್ದನ್ನ ಮತ್ತೆ ಅಂಟಿಸೋಕಾಗಲ್ಲ."

ಅಣ್ಣ ಆಯಿತು ಅಂದ. ಅವನು ಆಯಿತು ಅಂದದ್ದನ್ನು ಮನೆಯಲ್ಲಿ ಯಾರೂ ನಂಬುವ ರೂಢಿಯಿರಲಿಲ್ಲ. ಹೊರಡುವಾಗ ನಾಲ್ಕನೇ ಡ್ರಾಯರಿನ ಅತಿ ಚಿಕ್ಕ ನಾಣ್ಯವನ್ನು ಅಂಗಿಯ ಜೇಬಿಗಿಳಿಸಿಕೊಂಡು ಹೋದ. ಮುಂದಿನ ಭಾನುವಾರ ಬೆಳಿಗ್ಗೆ ಬಂದು, ಅಂಗೈಯಲ್ಲಿ ಅದನ್ನಿಟ್ಟು ತಂಗಿಯ ಮುಂದೆ ಚಾಚಿದ.

"ನೋಡು. ಬೆಳ್ಳಿ ತೊಳೆಯೋ ನೀರು ಅಂತ ಸಿಗುತ್ತೆ. ಅದ್ದಿದೆ, ತೆಗೆದೆ. ತಿಕ್ಕಲೇ ಇಲ್ಲ."

ನಾಣ್ಯ ಬೆಳ್ಳಗಿತ್ತು. ಹೊಸ ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳದಂತೆ ಬೆಳ್ಳಗೆ. ಸೂಕ್ಷ್ಮಮ್ಮ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ತಂದು ಕಿಟಕಿಯ ಬಳಿ ಹೋಗಿ ನೋಡಿದಳು. ಆಮೇಲೆ ಅದನ್ನು ಅಣ್ಣನ ಕೈಗೆ ಕೊಟ್ಟು, ಪಕ್ಕದಲ್ಲಿ ತೊಳೆಯದ ಇನ್ನೊಂದು ನಾಣ್ಯವನ್ನಿಟ್ಟಳು. ತೊಳೆಯದ್ದರ ಮೇಲೆ, ಕಪ್ಪಿನ ಕೆಳಗೂ, ದೊರೆಯ ಕೆನ್ನೆಯಿಂದ ಅಂಚಿನವರೆಗೆ ಅತಿ ಸಣ್ಣ ಕಿರಣಗಳಂಥ ಗೆರೆಗಳಿದ್ದವು. ಟಂಕಸಾಲೆಯ ಅಚ್ಚು ಬಿದ್ದಾಗ ಲೋಹ ಹರಿದ ಗೆರೆಗಳು. ನಾಣ್ಯ ತಿರುಗಿಸಿದರೆ ಬೆಳಕು ಅವುಗಳ ಮೇಲೆ ಗಾಲಿಯ ಕಡ್ಡಿಗಳ ಹಾಗೆ ಸುತ್ತುತ್ತಿತ್ತು. ತೊಳೆದದ್ದರ ಮೇಲೆ ಏನೂ ಇರಲಿಲ್ಲ. ಸುಣ್ಣ ಬಳಿದ ಗೋಡೆ.

ಅಣ್ಣ ಬಹಳ ಹೊತ್ತು ನೋಡಿದ. "ಇದು ವಾಪಸ್ ಬರಲ್ವಾ?" ಅಂತ ಕೇಳಿದ. ಇಲ್ಲ ಅಂದಳು. ಅವನು ಭೂತಗನ್ನಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಲಿಫ್ಟು ನೋಡಿ ಬರುತ್ತೇನೆ ಅಂತ ಕೆಳಗೆ ಹೋದ. ಅದು ರಿಪೇರಿಯಾಗಿ ನಾಲ್ಕು ದಿನವಾಗಿತ್ತು.

ತನಗೆ ಗೊತ್ತಿರುವುದು ಗಾಜು, ಬೆಳ್ಳಿಯಲ್ಲ ಎಂದು ಸೂಕ್ಷ್ಮಮ್ಮನಿಗೆ ಗೊತ್ತಿತ್ತು. ಅಂಗಡಿಯ ಗಿರಾಕಿಯೊಬ್ಬರ ಮೂಲಕ, ಎಲ್ಲರೂ ಉಗ್ರಾಣಿಗಳು ಅಂತ ಕರೆಯುವ ಒಬ್ಬರ ವಿಳಾಸ ಸಿಕ್ಕಿತು. ಆತ ವಸ್ತುಸಂಗ್ರಹಾಲಯವೊಂದರ ಉಗ್ರಾಣ ನೋಡಿಕೊಳ್ಳುತ್ತಿದ್ದು, ಈಗ ಅಡ್ಡರಸ್ತೆಯೊಂದರಲ್ಲಿ ಹಳೆ ನಾಣ್ಯಗಳ ಪುಟ್ಟ ಅಂಗಡಿ ಇಟ್ಟುಕೊಂಡಿದ್ದರು. ಅಂಗಡಿಯಲ್ಲಿ ಒಂದೇ ಕುರ್ಚಿ ಇತ್ತು, ಅದರಲ್ಲಿ ಅವರೇ ಕೂತಿರುತ್ತಿದ್ದರು. ಬಂದವರು ಬೇಗ ಹೋಗಲಿ ಅನ್ನುವುದು ಅವರ ಲೆಕ್ಕಾಚಾರ. ಸೂಕ್ಷ್ಮಮ್ಮ ಎರಡು ನಾಣ್ಯಗಳನ್ನು ಬೆಣ್ಣೆಕಾಗದದಲ್ಲಿ ಸುತ್ತಿ, ಅಂಚು ಮಾತ್ರ ಹಿಡಿದು ಅವರ ಮುಂದಿಟ್ಟದ್ದನ್ನು ಕಂಡು ಎದ್ದು ನಿಂತು ಕುರ್ಚಿಯನ್ನು ಅವಳ ಕಡೆ ತಳ್ಳಿದರು.

ಒಂದನ್ನು ದೀಪದ ಕೆಳಗೆ ಹಿಡಿದು, ಆಚೆ ಈಚೆ ವಾಲಿಸಿ ನೋಡಿದರು. "ಎಲ್ಲಿ ಇಟ್ಟಿದ್ರಿ ಇದನ್ನ?"

ಅವಳು ಪೆಟ್ಟಿಗೆಯ ವಿಚಾರ ಹೇಳಿದಳು. ಮರ, ಉಣ್ಣೆ, ಅಂಟು, ಗಾಳಿಯಾಡದ ಡ್ರಾಯರು. ಉಗ್ರಾಣಿಗಳು ತಲೆ ಕೆರೆದುಕೊಂಡರು.

"ಮಾಡಿದವರು ಭಾರಿ ಚೆನ್ನಾಗಿ ಮಾಡಿದ್ದಾರೆ. ಅದೇ ತೊಂದರೆ ಆಗಿರೋದು. ಉಣ್ಣೆಯೊಳಗೆ ಗಂಧಕ ಇರುತ್ತಮ್ಮ. ಮರ ವರ್ಷಾನುಗಟ್ಟಲೆ ಹುಳಿ ಬಿಡ್ತಾನೇ ಇರುತ್ತೆ. ಪೆಟ್ಟಿಗೆ ಸ್ವಲ್ಪ ಸಡಿಲವಾಗಿದ್ರೆ ಅದೆಲ್ಲ ಹೊರಗೆ ಹೋಗ್ತಿತ್ತು. ಇವರು ಒಂದಿಷ್ಟೂ ಹೊರಗೆ ಬಿಟ್ಟಿಲ್ಲ. ಎಲ್ಲ ಬೆಳ್ಳಿ ಮೇಲೇ ಕೂತಿದೆ."

"ಖಂಡಿತವಾಗ್ಲೂ ಪೆಟ್ಟಿಗೇದೇ ತಪ್ಪಾ?"

"ನನ್ನ ಮಾತು ನಂಬಬೇಡಿ, ನೀವೇ ನೋಡಿ." ಅವರು ಹೇಳಿದ ಪರೀಕ್ಷೆ ಸುಲಭದ್ದು. ಹಳೆಯದೊಂದು ಬೆಳ್ಳಿ ಚಮಚ ತುಂಡು ಮಾಡಿ, ಎಲ್ಲ ತುಂಡುಗಳನ್ನೂ ಒಂದೇ ಸಮ ಹೊಳಪು ಮಾಡಿ, ಒಂದನ್ನು ಡ್ರಾಯರಿನಲ್ಲಿ, ಒಂದನ್ನು ಆ ಮೆತ್ತನೆ ಪ್ಲಾಸ್ಟಿಕ್ ಚೀಲದಲ್ಲಿ, ಒಂದನ್ನು ಬಣ್ಣ ಬಳಿದ ಕಬ್ಬಿಣದ ಬೀರುವಿನಲ್ಲಿ, ಒಂದನ್ನು ಅಡುಗೆಮನೆಯ ಹಲಗೆಯ ಮೇಲೆ ಇಡುವುದು. ಇಪ್ಪತ್ತು ದಿನ ಬಿಟ್ಟು ನೋಡುವುದು.

ಆಮೇಲೆ ಎರಡನೇ ನಾಣ್ಯವನ್ನು ಎತ್ತಿಕೊಂಡು ಅವರು ಹುಬ್ಬು ಗಂಟಿಕ್ಕಿದರು. "ಇದನ್ನ ಯಾರೋ ದಿನಾ ಮುಟ್ತಿದ್ದಾರೆ."

"ಮಾವ ತೀರಿಕೊಂಡು ವರ್ಷ ಆಯ್ತು. ಬೇರೆ ಯಾರೂ ಮುಟ್ಟಲ್ಲ."

"ನೀವು ನೋಡಿ."

ಅವಳು ನೋಡಿದಳು. ದೊರೆಯ ಮುಖದ ಮೇಲೆ ಬೆರಳಿನ ಗುರುತು. ಒಂದಲ್ಲ, ಒಂದರ ಮೇಲೊಂದು. ಕೆಲವು ಹಳೆಯವು, ಲೋಹದೊಳಗೇ ಕೊರೆದು ಕೂತಂಥವು. ಕೆಲವು ತೀರ ಹೊಸವು, ಇನ್ನೂ ಎಣ್ಣೆಯ ಜಿಡ್ಡಿದ್ದವು. ಬೆರಳ ಬೆವರು ಬೆಳ್ಳಿಯನ್ನು ತಿನ್ನುತ್ತದೆ, ತಕ್ಷಣ ಕಾಣದಿದ್ದರೂ ತಿಂಗಳ ಮೇಲೆ ಕಾಣುತ್ತದೆ, ಆಮೇಲೆ ಹೋಗುವುದಿಲ್ಲ ಅಂತ ಉಗ್ರಾಣಿಗಳು ಹೇಳಿದರು. ಹಳೆಯವು ಮಾವನವೇ ಇರಬಹುದೇ ಅಂತ ಅವಳು ಕೇಳಿದಳು. ಮಾವನದ್ದೂ ಇರಬಹುದು, ಅವರಿಗೆ ಮಾರಿದವನದ್ದೂ ಇರಬಹುದು, ಬೆಳ್ಳಿಗೆ ಅದೆಲ್ಲ ಒಂದೇ ಅಂತ ಅವರು ನಾಣ್ಯವನ್ನು ಕಾಗದದಲ್ಲಿ ಮಡಿಸಿ ಕೊಟ್ಟರು.

ಚಮಚವನ್ನು ಅವಳು ಕೆಲಸದ ಕೋಣೆಯಲ್ಲೇ ಕತ್ತರಿಸಿ, ಗಾಜಿನ ಹೊಳಪಿಗೆ ಇಡುವ ಮೆತ್ತೆಯ ಮೇಲೆ ನಾಲ್ಕು ತುಂಡನ್ನೂ ಕನ್ನಡಿಯಾಗುವವರೆಗೆ ಉಜ್ಜಿದಳು. ಹೇಳಿದ ನಾಲ್ಕು ಜಾಗದಲ್ಲಿ ಇಟ್ಟಳು. ಅಣ್ಣನಿಗೆ ಫೋನು ಮಾಡಿ, "ನಾನಿಲ್ಲದಾಗ ಬಂದು ನಾಣ್ಯ ಮುಟ್ತೀಯಾ?" ಅಂತ ನೇರವಾಗಿ ಕೇಳಿದಳು.

"ಆ ತೊಳೆದದ್ದು ಆದ್ಮೇಲೆ ನಾನು ಆ ಕೋಣೆಗೇ ಕಾಲಿಟ್ಟಿಲ್ಲ ಮಾರಾಯ್ತಿ! ಊರಲ್ಲಿ ಏನು ಕಳೆದ್ರೂ ನನ್ನ ಜೇಬೇ ನೋಡ್ತೀರಲ್ಲ ಎಲ್ಲರೂ!"

ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಸೂಕ್ಷ್ಮಮ್ಮ ಹೆಚ್ಚು ಎಳೆಯದೆ ಫೋನಿಟ್ಟಳು.

ಒಂದು ವಾರ ಕಳೆದ ಮೇಲೆ ಕನ್ನಡಕದಂಗಡಿಯಲ್ಲಿ ಅಂಚು ಕತ್ತರಿಸುವ ಯಂತ್ರ ನಿಂತುಹೋಗಿ, ಅವಳು ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದಳು. ಬಾಗಿಲು ತೆಗೆದರೆ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ತೊಡೆಯ ಮೇಲೆ ಎರಡನೇ ಡ್ರಾಯರು. ಒಂದು ನಾಣ್ಯವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದರು, ಹುರುಳಿಕಾಯಿಯ ನಾರು ಹುಡುಕುವವರ ಹಾಗೆ. ತಿರುಗಿಸಿ, ಮುಖದ ಮೇಲೆ ಬೆರಳಾಡಿಸಿ, ಗುಳಿಗಿಟ್ಟು, ಮುಂದಿನದನ್ನು ತೆಗೆದರು. ಅವಸರವಿರಲಿಲ್ಲ, ಅಳುಕೂ ಇರಲಿಲ್ಲ.

"ಚಪ್ಪಲಿ ಬಿಟ್ಟು ಬಾ. ಬಾಗಿಲಲ್ಲಿ ನಿಂತು ಏನು ನೋಡ್ತೀಯಾ," ಅಂದರು ಅತ್ತೆ, ತಲೆಯೆತ್ತದೆ.

ಸೂಕ್ಷ್ಮಮ್ಮ ಬಂದು ಎದುರಿಗೆ ಕೂತಳು. ಮಾವನ ನೆನಪಿಗೆ ಹೀಗೆ ಹಿಡಿದು ಕೂರುತ್ತಾರೆ ಅಂತ ಅವಳಿಗೆ ಅನ್ನಿಸಿತು. ಹಾಗಿದ್ದರೆ ಬೇಡ ಅನ್ನುವುದು ಹೇಗೆ ಎಂದು ಮಾತು ಹುಡುಕುತ್ತಿದ್ದಳು.

"ಮಾವನ ನೆನಪಾಗುತ್ತಾ ಅತ್ತೆ?"

"ಆಗದೆ ಏನು. ನಲವತ್ತಾರು ವರ್ಷ." ಅತ್ತೆ ಇನ್ನೊಂದು ನಾಣ್ಯ ತೆಗೆದರು. "ನಲವತ್ತಾರು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ಇದನ್ನ ನನ್ನ ಕೈಗೆ ಕೊಡಲಿಲ್ಲ ನಿನ್ನ ಮಾವ."

"ಯಾಕೆ?"

"ಬೆವರುತ್ತಂತೆ ನನ್ನ ಕೈ. ಅವರು ಹಿಡಿದು ತೋರಿಸೋರು, ನಾನು ದೂರದಿಂದ ನೋಡಿ 'ಚೆನ್ನಾಗಿದೆ' ಅನ್ನಬೇಕು. ಪೆಟ್ಟಿಗೆಯ ಧೂಳು ಮಾತ್ರ ನಾನು ಹೊಡೀಬೇಕು. ಡ್ರಾಯರಿಗೆ ಕೈ ಹಾಕೋ ಹಾಗಿಲ್ಲ. ಒಂದ್ಸಲ ಬೀಗದ ಕೈ ಮರೆತು ಹೋಗಿದ್ರು. ಆದ್ರೂ ನಾನು ತೆಗೀಲಿಲ್ಲ ನೋಡು. ಎಂಥ ಪೆದ್ದಿ ಇರಬೇಕು ನಾನು." ಅವರು ಸಣ್ಣಗೆ ನಕ್ಕರು. "ಅವರು ಹೋದ ಮೇಲೆ, ಬಂದವರೆಲ್ಲ ವಾಪಸ್ ಹೋದ ಮಾರನೇ ದಿನ ತೆಗೆದೆ. ಅಷ್ಟು ಹೊತ್ತಿಗೆ ಕಣ್ಣು ಹೋಗಿತ್ತು. ಪರವಾಗಿಲ್ಲ, ಬೆರಳಿದೆಯಲ್ಲ. ಅವತ್ತಿಂದ ದಿನಾ ಮುಟ್ತೀನಿ. ಯಾರು ಕೇಳ್ತಾರೆ ನನ್ನ?"

ಕೇಳುವುದಕ್ಕೇ ಕೂತಿದ್ದ ಸೂಕ್ಷ್ಮಮ್ಮ ಎದ್ದು ಹೋಗಿ ಇಬ್ಬರಿಗೂ ಚಹಾ ಮಾಡಿಕೊಂಡು ಬಂದಳು.

ಇಪ್ಪತ್ತನೇ ದಿನ ನಾಲ್ಕು ತುಂಡುಗಳನ್ನೂ ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟಳು. ಕಬ್ಬಿಣದ ಬೀರುವಿನದು ಇಟ್ಟ ಹಾಗೇ ಇತ್ತು. ಅಡುಗೆಮನೆಯದು ತುಸು ಹಳದಿಗೆ ತಿರುಗಿತ್ತು. ಪ್ಲಾಸ್ಟಿಕ್ ಚೀಲದ್ದು ಮಂಕಾಗಿ, ಬೆರಳಿಗೆ ಅಂಟುತ್ತಿತ್ತು. ಡ್ರಾಯರಿನದು ಗಟ್ಟಿ ಚಹಾದ ಬಣ್ಣ. ಒಗ್ಗರಣೆಯ ಹೊಗೆ ಕುಡಿದ ಅಡುಗೆಮನೆಯ ತುಂಡಿಗಿಂತ ಮಾವನ ಡ್ರಾಯರಿನೊಳಗಿನ ತುಂಡು ಹೆಚ್ಚು ಕೆಟ್ಟಿತ್ತು. ಎರಡನೇ ಮಾತಿಲ್ಲ. ನಾಣ್ಯಗಳನ್ನು ಹಾಳಾಗದಂತೆ ನೋಡಿಕೊಳ್ಳಲು ಅವರು ಒಂದು ವರ್ಷ ಕೂತು ಮಾಡಿದ ಪೆಟ್ಟಿಗೆ, ಅವರ ಕಣ್ಣೆದುರಿಗೇ ಅವನ್ನು ತಿನ್ನುತ್ತ ಬಂದಿತ್ತು.

ಮುಂದಿನ ಭಾನುವಾರ ಅಣ್ಣ ಬಂದ. ಮೂವರೂ ಮೇಜಿನ ಸುತ್ತ ಕೂತರು. ಸೂಕ್ಷ್ಮಮ್ಮ ಅಂಗಡಿಯಲ್ಲಿ ಗಿರಾಕಿಗೆ ಹೊಸ ಕನ್ನಡಕದ ವಿಷಯ ಹೇಳುವ ದನಿಯಲ್ಲೇ ಹೇಳಿದಳು. ನಾಣ್ಯಗಳು ಪೆಟ್ಟಿಗೆಯಿಂದ ಹೊರಗೆ ಬರಬೇಕು. ಒಂದೊಂದಕ್ಕೂ ಅದರ ಅಳತೆಯದೇ ಗಟ್ಟಿ ಪಾರದರ್ಶಕ ಬಿಲ್ಲೆಡಬ್ಬಿ ಸಿಗುತ್ತದೆ, ಅದರಿಂದ ಬೆಳ್ಳಿಗೆ ಹುಳಿ, ಗಂಧಕ ಏನೂ ತಾಗುವುದಿಲ್ಲ. ಹಸಿರು ಜಿಗುಟಿಗೆ ಶುದ್ಧ ಅಸಿಟೋನಿನಲ್ಲಿ ಅದ್ದುವುದು, ಒರೆಸುವುದಿಲ್ಲ, ತಾನಾಗಿ ಆರಬೇಕು. ಕಪ್ಪನ್ನು ಮುಟ್ಟುವುದೇ ಇಲ್ಲ. ಡಬ್ಬಿಗಳು ಬೀರುವಿನಲ್ಲಿ, ಜೊತೆಗೆ ತೇವ ಹೀರುವ ಹರಳಿನ ಪೊಟ್ಟಣ. ಹೊರಗಿನ ಗೋಡೆಗೆ ಬೀರು ತಾಗಿಸಬಾರದು.

"ಬ್ಯಾಂಕಿನ ಲಾಕರಿನಲ್ಲಿ ಇಟ್ರೆ ಆಗಲ್ವಾ?" ಅಂದ ಅಣ್ಣ.

"ನೆಲಮಾಳಿಗೆ, ತೇವ. ಆರು ತಿಂಗಳಿಗೊಮ್ಮೆ ಹರಳು ಬದಲಾಯಿಸೋಕೆ ನೀನು ಹೋಗ್ತೀಯಾ?"

"ಡಬ್ಬೀಲಿ ಹಾಕಿದ ಮೇಲೆ ನನಗೆ ಸಿಗೋದು ಏನು? ಪ್ಲಾಸ್ಟಿಕ್ಕು," ಅಂದರು ಅತ್ತೆ.

ಇದನ್ನು ಸೂಕ್ಷ್ಮಮ್ಮ ಯೋಚಿಸಿಟ್ಟಿದ್ದಳು. ಒಂದು ಸೆಟ್ಟು ಹೊರಗೇ ಇರಲಿ, ಅತ್ತೆಗೆ. ನಾಲ್ಕನೆಯದು. ಅದರಲ್ಲಿ ಜಿಗುಟು ಹತ್ತಿದವಿದ್ದವು, ಅಣ್ಣ ತೊಳೆದದ್ದೂ ಇತ್ತು; ಹೇಗೂ ಕೆಟ್ಟಿದ್ದು. ಡ್ರಾಯರನ್ನು ಅತ್ತೆಯ ಮುಂದೆ ಸರಿಸಿದಳು. ಅತ್ತೆ ಒಂದೊಂದಾಗಿ ಹಿಡಿದು ನೋಡಿದರು. ಕಡೆಯ ಚಿಕ್ಕ ನಾಣ್ಯವನ್ನು ಮೂಗಿನ ಹತ್ತಿರ ತಂದರು.

"ಇದಕ್ಕೆ ಏನೋ ಮಾಡಿದ್ದೀರಿ. ಔಷಧದ ವಾಸನೆ. ಮೊದಲು ಹೀಗಿರಲಿಲ್ಲ."

ಅಣ್ಣ ಛಾವಣಿ ನೋಡತೊಡಗಿದ.

"ಇದು ಬೇಡ," ಅಂದರು ಅತ್ತೆ ಕಡ್ಡಿ ಮುರಿದ ಹಾಗೆ. "ನನಗೆ ಎರಡನೇದು ಬೇಕು."

ಎರಡನೆಯದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಚೆನ್ನಾಗಿದ್ದದ್ದು. ಉಗ್ರಾಣಿಗಳು ಆ ಸೆಟ್ಟಿನ ವರ್ಷ ಕೇಳಿಯೇ ಅಂಗಡಿಯ ಬಾಗಿಲು ಮುಂದೆ ಮಾಡಿದ್ದರು. ಅಣ್ಣ ಹೌಹಾರಿದ.

"ಅತ್ತೆ, ಅದೊಂದು ಬಿಟ್ಟು ಬೇರೆ ಯಾವುದಾದ್ರೂ ತಗೊಳ್ಳಿ."

"ಬೇರೆಯವೆಲ್ಲ ಸವೆದಿವೆ ಕಣೋ. ಇದರ ಅಂಚಿನ ಗೆರೆ ಉಗುರಿಗೆ ಸಿಗುತ್ತೆ. ದೊರೆಯ ಕಿವಿ ಗೊತ್ತಾಗುತ್ತೆ, ಗಡ್ಡ ಗೊತ್ತಾಗುತ್ತೆ. ಕಣ್ಣಿಲ್ಲದವಳಿಗೆ ಸವೆದದ್ದು ಕೊಟ್ಟು ಏನು ಉಪಯೋಗ?" ಅತ್ತೆ ನಾಲ್ಕನೇ ಡ್ರಾಯರನ್ನು ಆಚೆ ತಳ್ಳಿದರು. "ಇದನ್ನ ತರೋಕೆ ಅಂತ ನನ್ನ ತಂಗಿಯ ಮದುವೆ ದಿನ ರೈಲು ಹತ್ತಿ ಹೋಗಿದ್ರು. ನಾನೊಬ್ಬಳೇ ಹೋಗಿ ಎಲ್ಲರಿಗೂ ಅವರಿಗೆ ಜ್ವರ ಅಂದೆ. ವಾಪಸ್ ಬಂದು ಮೂರು ದಿನ ಇದರ ಮುಂದೇ ಕೂತಿದ್ರು. ಮದುವೆ ಹೇಗಾಯ್ತು ಅಂತ ಕೇಳಲಿಲ್ಲ."

ಕೆಳಗೆ ಯಾರೋ ಲಿಫ್ಟಿನ ಬಾಗಿಲನ್ನು ಎರಡು ಸಲ ಹಾಕಿದರು.

ಸೂಕ್ಷ್ಮಮ್ಮ ಅವತ್ತು ತೀರ್ಮಾನ ಹೇಳಲಿಲ್ಲ. ಮಾರನೇ ದಿನ ಕೆಲಸ ಮುಗಿಸಿ ಉಗ್ರಾಣಿಗಳ ಅಂಗಡಿಗೆ ಹೋದಳು. ವಿಷಯ ಕೇಳಿ ಆತನ ಸಿಟ್ಟು ನೆತ್ತಿಗೇರಿತು.

"ನೂರ ನಲವತ್ತು ವರ್ಷ ಚಲಾವಣೆಗೆ ಸಿಕ್ಕಿ ಸವೆಯದೆ ತಪ್ಪಿಸಿಕೊಂಡು ಬಂದಿರೋ ನಾಣ್ಯಗಳಮ್ಮ ಅವು. ಅಂಥ ಪೂರ್ತಿ ಸೆಟ್ಟು ನಾನು ಉಗ್ರಾಣದಲ್ಲೇ ಎರಡು ನೋಡಿರಬಹುದು. ಕೈಗವಸು ಹಾಕಿಕೊಂಡು ಮುಟ್ಟಲಿ."

"ಕೈಗವಸು ಹಾಕಿದ್ರೆ ಅವರಿಗೆ ಏನೂ ಗೊತ್ತಾಗಲ್ಲ."

"ಅಚ್ಚು ತೆಗೆದು ನಕಲು ಮಾಡಿಸಿ ಕೊಡಿ. ಅವರಿಗೆ ತಿಳಿಯಲ್ಲ."

"ತಿಳಿಯುತ್ತೆ," ಅಂದಳು ಸೂಕ್ಷ್ಮಮ್ಮ. ತೊಳೆದ ನಾಣ್ಯದ ವಾಸನೆ ಹಿಡಿದದ್ದನ್ನು ಹೇಳಿದಳು. ಉಗ್ರಾಣಿಗಳಿಗೆ ಒಂದು ಕ್ಷಣ ನಗು ಬಂತು, ಅದನ್ನು ನುಂಗಿಕೊಂಡರು.

"ನಿಮಗೆ ನಾಣ್ಯ ಮುಖ್ಯವೋ, ಮುದುಕಿ ಮುಖ್ಯವೋ?"

ಅವರು ಅದನ್ನು ಒರಟಾಗಿ ಕೇಳಿರಲಿಲ್ಲ. ಗಿರಾಕಿಯ ಹತ್ತಿರ ಯಾವ ಅಳತೆಯ ಡಬ್ಬಿ ಬೇಕು ಅಂತ ಕೇಳುವ ಹಾಗೇ ಕೇಳಿದ್ದರು. ಸೂಕ್ಷ್ಮಮ್ಮ ಯೋಚಿಸಿ, "ಮೂರು ಸೆಟ್ಟಿಗೆ ನಾಣ್ಯ ಮುಖ್ಯ," ಅಂದಳು. "ಇಪ್ಪತ್ತೊಂದು ಡಬ್ಬಿ ಕೊಡಿ."

ಉಗ್ರಾಣಿಗಳು ಒಂದೊಂದೇ ಅಳತೆ ನೋಡಿ ತೆಗೆದುಕೊಟ್ಟರು. ಕೊಡುವಷ್ಟು ಹೊತ್ತೂ ಗೊಣಗುತ್ತಿದ್ದರು. ಕಡೆಯಲ್ಲಿ, ಮುಟ್ಟುವ ಮುಂಚೆ ಸೋಪಿನಲ್ಲಿ ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಲಿ, ಕೈಗೆ ಎಣ್ಣೆ ಹಚ್ಚಿದ ದಿನ ಬೇಡ, ಮೆತ್ತನೆಯ ಬಟ್ಟೆ ತೊಡೆಯ ಮೇಲೆ ಹಾಸಿಕೊಂಡಿರಲಿ, ಬಿದ್ದರೆ ನೆಲಕ್ಕೆ ಬೀಳಬಾರದು ಅಂತ ನಾಲ್ಕು ಮಾತು ಹೇಳಿದರು. ಅವಳು ಬರೆದುಕೊಂಡಳು.

ಒಂದು ಶನಿವಾರ ಪೂರ್ತಿ ಆ ಕೆಲಸಕ್ಕೆ ಹೋಯಿತು. ಅಣ್ಣ ಹತ್ತಿಯ ಕೈಗವಸು ತೊಟ್ಟು, ಹೇಳಿದ್ದಷ್ಟೇ ಮಾಡುತ್ತ, ಉಸಿರು ಬಿಗಿಹಿಡಿದು ಕೂತಿದ್ದ. ಅವನು ಅಷ್ಟು ಹೊತ್ತು ಬಾಯಿಗೆ ಬೀಗ ಹಾಕಿಕೊಂಡದ್ದನ್ನು ಯಾರೂ ನೋಡಿರಲಿಲ್ಲ. ಕಿಟಕಿ ತೆರೆದಿಟ್ಟು, ಅಸಿಟೋನಿನ ಗಾಜಿನ ಬಟ್ಟಲಿಗೆ ಜಿಗುಟಿನ ನಾಣ್ಯಗಳನ್ನು ಇಳಿಸಿ ತೆಗೆದು ಕಾಗದದ ಮೇಲೆ ಒರಗಿಸಿದರು. ಹಸಿರು ಹೋಯಿತು, ಅದು ಕೊರೆದ ಸಣ್ಣ ಚುಕ್ಕಿಗಳು ಉಳಿದವು. ಒಂದೊಂದು ಡಬ್ಬಿ ಟಕ್ಕೆಂದು ಮುಚ್ಚಿಕೊಂಡಿತು. ತಾನು ತೊಳೆದ ನಾಣ್ಯವನ್ನು ಅಣ್ಣ ತಾನೇ ಡಬ್ಬಿಗೆ ಹಾಕಿ, ಚೀಟಿಯ ಮೇಲೆ ದಿನಾಂಕದ ಜೊತೆ "ತೊಳೆದಿದೆ" ಅಂತ ಬರೆದ. ಯಾರು ತೊಳೆದದ್ದು ಅಂತ ಬರೆಯಲಿಲ್ಲ.

ಎರಡನೇ ಸೆಟ್ಟಿಗೆ ಸೂಕ್ಷ್ಮಮ್ಮ ಒಂದು ಚಪ್ಪಟೆ ತಗಡಿನ ಡಬ್ಬಿ ಹುಡುಕಿದಳು. ಒಳಗೆ ಬಣ್ಣ, ಗಂಜಿ ಏನೂ ಹಾಕದ ಹತ್ತಿಬಟ್ಟೆ. ಅತ್ತೆಗೆ ಉಗ್ರಾಣಿಗಳ ನಾಲ್ಕು ಮಾತನ್ನೂ ಓದಿ ಹೇಳಿದಳು.

"ಕೈ ತೊಳ್ಕೊಂಡು ಮುಟ್ಟು ಅಂತ ನಿನ್ನ ಮಾವ ಹೇಳಿದ್ರೂ ಸಾಕಿತ್ತು," ಅಂದರು ಅತ್ತೆ. "ನಾನೇನು ಬೇಡ ಅಂತಿದ್ನಾ?"

ಮೊದಲ ಎರಡು ತಿಂಗಳು ದಿನ ತಪ್ಪದೆ ಮಧ್ಯಾಹ್ನ ನಡೆಯಿತು. ಕೈ ತೊಳೆಯುವ ಸದ್ದು, ಕುರ್ಚಿ ಎಳೆಯುವ ಸದ್ದು, ತಗಡಿನ ಡಬ್ಬಿ. ರಜೆಯ ದಿನ ಸೂಕ್ಷ್ಮಮ್ಮ ಎದುರಿಗೇ ಕೂತಿರುತ್ತಿದ್ದಳು. ಕೆಲವೊಮ್ಮೆ ಅತ್ತೆ ಒಂದು ನಾಣ್ಯ ಅವಳ ಕೈಗೆ ಕೊಟ್ಟು, "ಕಣ್ಣು ಮುಚ್ಚಿ ಹೇಳು, ಎಷ್ಟನೇದು?" ಅನ್ನುತ್ತಿದ್ದರು. ಅವಳು ಹೇಳಿದ್ದು ಹೆಚ್ಚು ಸಲ ತಪ್ಪು. ಅತ್ತೆಗೆ ಅದರಲ್ಲಿ ಮಕ್ಕಳ ಹಾಗೆ ಖುಷಿ. ಮೂರನೇ ತಿಂಗಳಿಗೆ ಎರಡು ದಿನಕ್ಕೊಮ್ಮೆ ಆಯಿತು. ಎದುರು ಮನೆಯಲ್ಲಿ ನಿವೃತ್ತ ದಾದಿಯೊಬ್ಬರಿದ್ದರು, ಅವರು ಮಧ್ಯಾಹ್ನ ಅತ್ತೆಯನ್ನು ತೋಳು ಹಿಡಿದು ಕೆಳಗಿನ ಅಂಗಳದಲ್ಲಿ ನಡೆಸತೊಡಗಿದ್ದರು. ಇಬ್ಬರೂ ಬೆಂಚಿನ ಮೇಲೆ ಕೂತು ತಮ್ಮ ತಮ್ಮ ಗಂಡಂದಿರನ್ನು ಬೈಯುವುದರಲ್ಲಿ ಹೊತ್ತು ಹೋಗುವುದು ಗೊತ್ತಾಗುತ್ತಿರಲಿಲ್ಲ. ಐದನೇ ತಿಂಗಳಲ್ಲಿ ಸೂಕ್ಷ್ಮಮ್ಮ ಒಂದು ಸಲ ನೋಡಿದಾಗ ತಗಡಿನ ಡಬ್ಬಿಯ ಮೇಲೆ ಧೂಳಿತ್ತು.

ಖಾಲಿ ಪೆಟ್ಟಿಗೆಯನ್ನು ಏನು ಮಾಡುವುದು ಎಂಬ ಪ್ರಶ್ನೆಯನ್ನು ಅತ್ತೆಯೇ ಬಗೆಹರಿಸಿದರು. ಉಣ್ಣೆಬಟ್ಟೆ ಕಿತ್ತು ಹಾಕಿಸಿ, ಡ್ರಾಯರಿನ ಏಳು ಗುಳಿಗಳಲ್ಲಿ ವಾರದ ಏಳು ದಿನದ ಮಾತ್ರೆಗಳನ್ನು ಹಾಕಿಸಿಕೊಂಡರು. ದೊಡ್ಡ ಗುಳಿ ಭಾನುವಾರ, ಅಲ್ಲಿಂದ ಇಳಿಯುತ್ತ ಶನಿವಾರ. ಯಾರನ್ನೂ ಕೇಳದೆ ಅವರೇ ತಡವಿ ತೆಗೆದುಕೊಳ್ಳುತ್ತಿದ್ದರು. ಒಂದು ದಿನವೂ ತಪ್ಪಲಿಲ್ಲ.

ಏಳನೇ ತಿಂಗಳಲ್ಲಿ ಅವರು ತಗಡಿನ ಡಬ್ಬಿಯನ್ನು ಸೂಕ್ಷ್ಮಮ್ಮನ ಮುಂದೆ ಹಿಡಿದರು.

"ಇವನ್ನೂ ಒಳಗಿಡು."

"ಯಾಕತ್ತೆ, ಸಾಕಾಯ್ತಾ?"

"ಆ ದೊರೆಯ ಮುಖ ಪೂರ್ತಿ ಗೊತ್ತಾಯ್ತು. ಇನ್ನೇನಿದೆ ಅದರಲ್ಲಿ? ನಿನ್ನ ಮಾವ ನಲವತ್ತು ವರ್ಷ ಏನು ನೋಡಿದ್ರೋ ನಂಗಂತೂ ಅರ್ಥ ಆಗಲಿಲ್ಲ."

ಸೂಕ್ಷ್ಮಮ್ಮ ಆ ಏಳನ್ನೂ ಉಗ್ರಾಣಿಗಳ ಹತ್ತಿರ ತೆಗೆದುಕೊಂಡು ಹೋದಳು. ಆತ ಕೆಟ್ಟ ಸುದ್ದಿಗೆ ಸಿದ್ಧರಾದವರ ಹಾಗೆ ದೀಪ ಎಳೆದುಕೊಂಡರು. ದೊರೆಯ ಕೆನ್ನೆಯೂ ಹುಬ್ಬೂ ತುಸು ಮಂಕಾಗಿದ್ದವು. ಹೊಸ ಬೆರಳ ಗುರುತು ಎಲ್ಲ ಕಡೆ ಇತ್ತು, ಅತ್ತೆಯ ಹೆಬ್ಬೆರಳ ನಡುವಿನ ಹಳೆ ಗಾಯದ ಅಡ್ಡಗೆರೆಯ ಸಮೇತ. ಜಿಡ್ಡು ಅಸಿಟೋನಿನಲ್ಲಿ ಹೋಯಿತು, ಕೊರೆದದ್ದು ಉಳಿಯಿತು. ತಾವು ಹೆದರಿದ್ದಷ್ಟು ಹಾಳಾಗಿಲ್ಲ, ಆದರೆ ಮೊದಲಿನ ಹಾಗೂ ಇಲ್ಲ ಅಂದರು. ಏಳು ಡಬ್ಬಿ ತೆಗೆದುಕೊಟ್ಟರು. ಈ ಸಲ ಗೊಣಗಲಿಲ್ಲ.

ಅದಾಗಿ ಆರು ತಿಂಗಳಿಗೆ ಸೂಕ್ಷ್ಮಮ್ಮ ಬೀರು ತೆಗೆದಳು. ತೇವ ತಾಗಿದರೆ ಗುಲಾಬಿಗೆ ತಿರುಗುವ ಚೀಟಿ ನೀಲಿಯಾಗಿಯೇ ಇತ್ತು. ಹರಳಿನ ಪೊಟ್ಟಣ ಬದಲಾಯಿಸಿ, ಇಪ್ಪತ್ತೆಂಟು ಡಬ್ಬಿಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು, ಹಿಂದಿನ ಸಲ ಬರೆದಿಟ್ಟದ್ದರ ಜೊತೆ ಹೋಲಿಸಿ ನೋಡಿದಳು. ಬದಲಾವಣೆ ಇರಲಿಲ್ಲ. ಬೀರುವಿನ ಬಾಗಿಲು ಹಾಕುವ ಸದ್ದಿಗೆ ಅತ್ತೆ ಪಕ್ಕದ ಕೋಣೆಯಿಂದ ಕೇಳಿದರು.

"ಹೇಗಿದ್ದಾವೆ?"

"ಹೇಗಿದ್ವೋ ಹಾಗೇ ಇದ್ದಾವೆ ಅತ್ತೆ."

"ಪಾಪ," ಅಂದರು ಅತ್ತೆ, ಮತ್ತು ರೇಡಿಯೋದ ದನಿ ಏರಿಸಿದರು.